ಸಣ್ಣ ಸರಕು ಟೆಂಪೋಗೆ ಹೊದಿಕೆ: ಆಯ್ಕೆಯ ಮುನ್ನ ತಿಳಿದಿರಬೇಕಾದ ಸಂಗತಿಗಳು

ಮಳೆಗಾಲಕ್ಕೆ ಮುನ್ನ ಮನೆಯ ಮಾಡಿನ ಹಂಚುಗಳನ್ನು ಕೈಯಾಡಿಸಿ ಸರಿಪಡಿಸುವುದು ನಮ್ಮ ಹಿರಿಯರ ರೂಢಿಯಾಗಿತ್ತು. ಗದ್ದೆಗಿಳಿಯುವವರಿಗಾಗಿ ಕರಾವಳಿಯಲ್ಲಿ ಗೊರಬು, ಘಟ್ಟದ ಮೇಲೆ ಕಂಬಳಿಯ ಕೊಪ್ಪೆ ಸಿದ್ಧವಾಗುತ್ತಿದ್ದವು. ಆದರೆ ಮಹಾನಗರದಲ್ಲಿ ಸಾಲ ಮಾಡಿ ಸಣ್ಣ ಟೆಂಪೋ ಕೊಂಡು ಬದುಕು ಕಟ್ಟಿಕೊಳ್ಳುವ ನಮ್ಮವರಿಗೆ ಗಾಡಿಯ ಹೊದಿಕೆ ಎಂಬುದು ಎಲ್ಲಕ್ಕಿಂತ ಕೊನೆಗೆ ನೆನಪಾಗುವ ವಸ್ತು. ಬ್ಯಾಂಕಿನ ಮೇಜಿನ ಈಚೆ ಕುಳಿತು ನಾನು ನೋಡಿದ ವಾಹನ ಸಾಲದ ಅರ್ಜಿಗಳಲ್ಲಿ ವಿಮೆ, ಪರವಾನಿಗೆ, ಟಯರು, ದುರಸ್ತಿ ಎಲ್ಲದಕ್ಕೂ ಒಂದೊಂದು ಅಂಕಿ ಇರುತ್ತಿತ್ತು. ಹೊದಿಕೆಗೆಂದು ಒಂದು ಸಾಲನ್ನು ಬರೆದವರನ್ನು ನಾನು ಕಾಣಲಿಲ್ಲ.

ಇದರ ಬೆಲೆ ನನಗೆ ತಿಳಿದದ್ದು ಕೆಲವು ವರ್ಷಗಳ ಹಿಂದಿನ ಒಂದು ಜೂನ್ ತಿಂಗಳಲ್ಲಿ. ನಮ್ಮ ಬಡಾವಣೆಯ ಕನ್ನಡ ಬಳಗವೊಂದು ಪ್ರತಿವರ್ಷದಂತೆ ಶಾಲಾ ಮಕ್ಕಳಿಗೆ ಉಚಿತ ನೋಟ್‌ಬುಕ್ ವಿತರಣೆಯನ್ನು ಏರ್ಪಡಿಸಿತ್ತು. ದಕ್ಷಿಣ ಮುಂಬಯಿಯ ಸಗಟು ಅಂಗಡಿಯಿಂದ ಉಪನಗರದ ಸಭಾಗೃಹಕ್ಕೆ ಪುಸ್ತಕಗಳನ್ನು ತಂದವರು ನಮ್ಮವರೇ ಆದ ಒಬ್ಬ ಚಾಲಕರು. ಹತ್ತಾರು ವರ್ಷ ಹೋಟೆಲಿನಲ್ಲಿ ದುಡಿದು, ಕೂಡಿಟ್ಟ ಹಣವನ್ನು ಮುಂಗಡ ಕಟ್ಟಿ, ಉಳಿದದ್ದಕ್ಕೆ ಸಾಲ ಪಡೆದು ಟೆಂಪೋ ಕೊಂಡವರು. ದಾರಿಯಲ್ಲಿ ಮಳೆ ಹಿಡಿಯಿತು, ವಾಹನ ದಟ್ಟಣೆಯಲ್ಲಿ ಒಂದು ಗಂಟೆ ನಿಂತಲ್ಲೇ ನಿಲ್ಲಬೇಕಾಯಿತು. ಸಭಾಗೃಹಕ್ಕೆ ಬಂದು ನೀಲಿ ತಾಡಪತ್ರಿಯನ್ನು ಬಿಚ್ಚಿದಾಗ ನಲವತ್ತು ಕಟ್ಟುಗಳಲ್ಲಿ ಹನ್ನೊಂದು ನೀರು ಕುಡಿದು ಊದಿಕೊಂಡಿದ್ದವು.

ಚಾಲಕರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಬಳಿಕ, "ಸಾರ್, ಬಾಡಿಗೆ ಬೇಡ. ಮಕ್ಕಳ ಪುಸ್ತಕ ಒದ್ದೆ ಮಾಡಿದ ಹಣ ನನಗೆ ದಕ್ಕಲಿಕ್ಕಿಲ್ಲ" ಎಂದರು. ಬಳಗದವರು ಬಾಡಿಗೆಯನ್ನು ಒತ್ತಾಯದಿಂದ ಕೊಟ್ಟರೂ, ಹಾಳಾದ ಪುಸ್ತಕಗಳ ಬೆಲೆಯನ್ನು ಅವರು ಮೂರು ತಿಂಗಳಲ್ಲಿ ತೀರಿಸಿಯೇ ಬಿಟ್ಟರು. ಆ ಅವಧಿಯಲ್ಲಿ ಗಾಡಿಯ ಕಂತು ಎರಡು ಸಲ ತಡವಾಯಿತೆಂದು ಅವರೇ ಮುಂದೊಮ್ಮೆ ನನ್ನಲ್ಲಿ ಹೇಳಿಕೊಂಡರು. ಅಂದಿನಿಂದ ಈ ವಿಷಯವನ್ನು ಅವರೊಂದಿಗೂ ಇತರ ಚಾಲಕರೊಂದಿಗೂ ಅಂಗಡಿಕಾರರೊಂದಿಗೂ ಕೇಳಿ ತಿಳಿಯುತ್ತ ಬಂದಿದ್ದೇನೆ. ಟೆಂಪೋ ಇಟ್ಟುಕೊಂಡಿರುವ, ಕೊಳ್ಳಲು ಯೋಚಿಸುತ್ತಿರುವ ಓದುಗ ಬಾಂಧವರಿಗೆ ಉಪಯೋಗವಾದೀತೆಂದು ಆ ಮಾಹಿತಿಯನ್ನು ಇಲ್ಲಿ ಕ್ರಮವಾಗಿ ಕೊಡಲಾಗಿದೆ.

ವಾಹನ ಮತ್ತು ಅದರ ತೊಟ್ಟಿ

ನಮ್ಮ ದೇಶದಲ್ಲಿ ಸಣ್ಣ ಸರಕು ವಾಹನದ ಚಿತ್ರವನ್ನು ಬದಲಿಸಿದ್ದು 2005ರ ಮೇ ತಿಂಗಳಲ್ಲಿ ಬಂದ ಟಾಟಾ ಏಸ್. 'ಛೋಟಾ ಹಾಥಿ' ಎಂದು ಜನ ಪ್ರೀತಿಯಿಂದ ಕರೆದ ಈ ಗಾಡಿಯ ನಂತರ 2011ರಲ್ಲಿ ಅಶೋಕ್ ಲೇಲ್ಯಾಂಡ್ ದೋಸ್ತ್, 2015ರಲ್ಲಿ ಮಹೀಂದ್ರ ಜೀತೋ, 2016ರಲ್ಲಿ ಮಾರುತಿ ಸೂಪರ್ ಕ್ಯಾರಿ, 2019ರಲ್ಲಿ ಟಾಟಾ ಇಂಟ್ರಾ ಬಂದವು. ಮಹೀಂದ್ರ ಬೊಲೆರೊ ಪಿಕಪ್ ಇವುಗಳಿಗಿಂತ ಒಂದು ಕೈ ದೊಡ್ಡದು. ಏಸ್ ವರ್ಗದ ಗಾಡಿಗಳ ತೊಟ್ಟಿ ಸುಮಾರು 7 ಅಡಿ ಉದ್ದ, 5 ಅಡಿಗೆ ತುಸು ಕಡಿಮೆ ಅಗಲ. ಪಕ್ಕದ ಫಾಲ್ಕಾಗಳ ಎತ್ತರ ಒಂದು ಅಡಿಯ ಆಸುಪಾಸು.

ಹೊದಿಕೆಯ ಪ್ರಶ್ನೆ ಹುಟ್ಟುವುದು ಈ ಕೊನೆಯ ಅಳತೆಯಿಂದ. ಪರದೇಶಗಳ ಪಿಕಪ್‌ಗಳಲ್ಲಿ ತೊಟ್ಟಿ ಆಳವಾಗಿರುತ್ತದೆ. ಸಾಮಾನು ಅದರೊಳಗೇ ಅಡಗುವುದರಿಂದ ಮೇಲೆ ಮುಚ್ಚಳದಂತೆ ಚಪ್ಪಟೆಯಾದ ಹೊದಿಕೆ ಸಾಕು. ನಮ್ಮಲ್ಲಿ ಸಾಮಾನು ಫಾಲ್ಕಾವನ್ನು ಮೀರಿ ಎರಡು ಮೂರು ಅಡಿ ಮೇಲಕ್ಕೇರುತ್ತದೆ. ಆದ್ದರಿಂದ ಇಲ್ಲಿ ಬೇಕಾಗುವುದು ಮೇಲಿನಿಂದ ಕೆಳಗಿನವರೆಗೆ ಇಳಿದು ನಾಲ್ಕೂ ಕಡೆ ಮುಚ್ಚುವ ಹಾಸು. ವಿದೇಶಿ ಪತ್ರಿಕೆಗಳ ಸಲಹೆಗಳನ್ನು ನಮ್ಮ ಟೆಂಪೋಗಳಿಗೆ ನೇರವಾಗಿ ಅನ್ವಯಿಸಲಾಗದಿರುವುದಕ್ಕೆ ಇದೇ ಕಾರಣ.

ಮೊದಲು ಕೇಳಿಕೊಳ್ಳಬೇಕಾದ ಮೂರು ಪ್ರಶ್ನೆಗಳು

ಒಂದನೆಯದು, ಗಾಡಿಯಲ್ಲಿ ಹೆಚ್ಚಾಗಿ ಸಾಗುವುದು ಏನು? ಪುಸ್ತಕ, ಬಟ್ಟೆ, ಸಕ್ಕರೆ, ವಿದ್ಯುತ್ ಉಪಕರಣಗಳಿಗೆ ಒಂದು ಹನಿ ನೀರೂ ಆಗದು. ತರಕಾರಿ, ಈರುಳ್ಳಿ, ಹಣ್ಣುಗಳಿಗೆ ಮಳೆಯಷ್ಟೇ ಶತ್ರು ಒಳಗಿನ ಸೆಕೆ. ಅವು ಕಿತ್ತ ಮೇಲೂ ಉಸಿರಾಡುತ್ತಿರುತ್ತವೆ, ಶಾಖವನ್ನೂ ತೇವವನ್ನೂ ಬಿಡುತ್ತವೆ. ಗಾಳಿಯಾಡದಂತೆ ಮುಚ್ಚಿದರೆ ಕೊಳೆಯುತ್ತವೆ. ಮರಳು, ಇಟ್ಟಿಗೆ ಚೂರು, ಕಟ್ಟಡದ ತ್ಯಾಜ್ಯಗಳಿಗೆ ನೀರಿನ ಚಿಂತೆ ಕಡಿಮೆ, ದೂಳು ಹಾರುವುದನ್ನು ತಡೆಯಬೇಕು.

ಎರಡನೆಯದು, ದಿನಕ್ಕೆ ಎಷ್ಟು ಬಾರಿ ಬಿಚ್ಚಿ ಕಟ್ಟಬೇಕು? ಒಂದೇ ಕಡೆ ತುಂಬಿ ಒಂದೇ ಕಡೆ ಇಳಿಸುವವರಿಗೆ ಭಾರವಾದ ಹಾಸು ತೊಂದರೆಯಲ್ಲ. ದಿನಕ್ಕೆ ಇಪ್ಪತ್ತು ಅಂಗಡಿಗಳ ಮುಂದೆ ನಿಲ್ಲುವವರು ಭಾರದ ಹಾಸನ್ನು ಕೊಂಡರೆ ಮೂರನೆಯ ಅಂಗಡಿಯ ಬಳಿಕ ಅದನ್ನು ಕಟ್ಟುವುದನ್ನೇ ಬಿಟ್ಟುಬಿಡುತ್ತಾರೆ. ಕಟ್ಟದೆ ಬಿಟ್ಟ ಒಳ್ಳೆಯ ಹೊದಿಕೆಗಿಂತ ಕಟ್ಟಿದ ಸಾಧಾರಣ ಹೊದಿಕೆಯೇ ಮೇಲು.

ಮೂರನೆಯದು, ಚಾಲಕರ ಜೊತೆ ಇನ್ನೊಬ್ಬರು ಇರುತ್ತಾರೆಯೇ? ಒಬ್ಬರೇ ಇದ್ದಾಗ ಹದಿನೈದು ಕೆ.ಜಿ.ಯ ಹಾಸನ್ನು ಗಾಳಿಯಲ್ಲಿ ಹರಡಿ ಎಳೆಯುವುದು ಸುಲಭದ ಮಾತಲ್ಲ.

ಹಾಸಿನ ಬಗೆಗಳು

ಮುಂಬಯಿಯಲ್ಲಿ ತಾಡಪತ್ರಿ, ಊರಲ್ಲಿ ಟಾರ್ಪಾಲು ಎಂದು ಕರೆಯುವ ವಸ್ತು ಒಂದೇ ಬಗೆಯದಲ್ಲ. ಮುಖ್ಯವಾಗಿ ನಾಲ್ಕು ಬಗೆಗಳು ಮಾರುಕಟ್ಟೆಯಲ್ಲಿವೆ.

ಕ್ಯಾನ್ವಾಸ್: ದಪ್ಪ ಹತ್ತಿಯ ಬಟ್ಟೆಗೆ ಮೇಣ ಮತ್ತು ಕೊಳೆತ ತಡೆಯುವ ರಾಸಾಯನಿಕಗಳನ್ನು ಹಾಯಿಸಿ ಮಾಡಿದ ಹಳೆಯ ಕಾಲದ ಹಾಸು. ಇದರ ಗುಣವೆಂದರೆ ಬಟ್ಟೆಯ ಮೂಲಕ ಸ್ವಲ್ಪ ಗಾಳಿಯಾಡುತ್ತದೆ, ಒಳಗೆ ಬೆವರು ಕಟ್ಟುವುದಿಲ್ಲ. ನೆನೆದಾಗ ನೂಲು ಊದಿ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ದೋಷಗಳೂ ಉಂಟು. ಒದ್ದೆಯಾದಾಗ ಬಹಳ ಭಾರ. ಒಳಗಿನಿಂದ ಸಾಮಾನು ತಾಗಿಕೊಂಡಿರುವ ಜಾಗದಲ್ಲಿ ನೀರು ಜಿನುಗುತ್ತದೆ. ಒಣಗಿಸದೆ ಮಡಚಿಟ್ಟರೆ ಬೂಷ್ಟು ಹಿಡಿದು ಕೆಲವೇ ತಿಂಗಳಲ್ಲಿ ಹರಿಯುತ್ತದೆ.

ಎಚ್.ಡಿ.ಪಿ.ಇ. ಹಾಸು: ರಸ್ತೆಬದಿಯಲ್ಲಿ ಕಾಣುವ ನೀಲಿ, ಹಳದಿ, ಕಪ್ಪು ಪ್ಲಾಸ್ಟಿಕ್ ತಾಡಪತ್ರಿ ಇದೇ. ಪಾಲಿಥೀನಿನ ಚಪ್ಪಟೆ ಎಳೆಗಳನ್ನು ನೇಯ್ದು ಎರಡೂ ಬದಿಗೆ ತೆಳು ಪದರವನ್ನು ಅಂಟಿಸಿರುತ್ತಾರೆ. ಹಗುರ, ಅಗ್ಗ, ಎಲ್ಲೆಡೆ ಲಭ್ಯ. ಆದರೆ ಮೇಲಿನ ಪದರ ಉಜ್ಜಿ ಸವೆದೊಡನೆ ನೇಯ್ಗೆಯ ಸಂದಿಗಳಿಂದ ನೀರು ಇಳಿಯಲು ಆರಂಭವಾಗುತ್ತದೆ. ಸೂರ್ಯಕಿರಣಗಳಿಗೆ ಪಾಲಿಥೀನ್ ಬೇಗ ಗರಿಗರಿಯಾಗುತ್ತದೆ. ಅದನ್ನು ತಡೆಯುವ ರಾಸಾಯನಿಕವನ್ನು ಸೇರಿಸಿದ ಹಾಸನ್ನೇ ಕೇಳಿ ಪಡೆಯಬೇಕು. ಈ ಬಗೆಯ ತಾಡಪತ್ರಿಗೆ ಭಾರತೀಯ ಮಾನಕ ಸಂಸ್ಥೆಯ ಐ.ಎಸ್. 7903 ಎಂಬ ಮಾನದಂಡವಿದೆ. ಆ ಸಂಖ್ಯೆಯೊಂದಿಗೆ ಐ.ಎಸ್.ಐ. ಮುದ್ರೆ ಇರುವುದನ್ನು ಆರಿಸುವುದು ಲೇಸು.

ಅಡ್ಡಪದರದ ಹಾಸು: ಸಿಲ್ಪಾಲಿನ್ ಎಂಬ ಹೆಸರಿನಿಂದ ಜನಜನಿತವಾದದ್ದು. ಇದರಲ್ಲಿ ನೇಯ್ಗೆಯಿಲ್ಲ. ಪ್ಲಾಸ್ಟಿಕ್ ಪದರಗಳನ್ನು ಒಂದಕ್ಕೊಂದು ಅಡ್ಡಲಾಗಿ ಕೂಡಿಸಿರುವುದರಿಂದ ಸಂದಿಯಿಂದ ಜಿನುಗುವ ಮಾತಿಲ್ಲ. ತೂಕ ಬಹಳ ಕಡಿಮೆ. ಆದರೆ ತಗಡಿನ ಅಂಚು, ಮೊಳೆ ಮುಂತಾದ ಮೊನಚುಗಳು ತಾಗಿ ತೂತು ಬೀಳುವ ಭಯವಿದೆ. ಕಬ್ಬಿಣದ ಸಾಮಾನು ಸಾಗಿಸುವವರಿಗೆ ಇದು ತಕ್ಕದ್ದಲ್ಲ.

ಪಿ.ವಿ.ಸಿ. ಹಾಸು: ಗಟ್ಟಿಯಾದ ಪಾಲಿಯೆಸ್ಟರ್ ಬಟ್ಟೆಗೆ ಪಿ.ವಿ.ಸಿ. ಲೇಪನ ಕೊಟ್ಟದ್ದು. ದೊಡ್ಡ ಲಾರಿಗಳ ಮೇಲೆ ಕಾಣುವ ನುಣುಪಾದ ದಪ್ಪ ಹೊದಿಕೆ ಇದು. ಇದರ ಕೂಡುಗೆರೆಗಳನ್ನು ಹೊಲಿಯದೆ ಶಾಖದಿಂದ ಬೆಸೆಯಬಹುದಾದ್ದರಿಂದ ಸೂಜಿ ತೂತುಗಳಿರುವುದಿಲ್ಲ. ಹರಿದರೆ ಅದೇ ಬಟ್ಟೆಯ ತುಂಡನ್ನು ಅಂಟಿನಿಂದ ಹಚ್ಚಿ ದುರಸ್ತಿ ಮಾಡಬಹುದು. ಪಾಲಿಥೀನಿನ ಮೇಲೆ ಸಾಮಾನ್ಯ ಅಂಟು ಹಿಡಿಯುವುದಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಬೆಲೆ ಹೆಚ್ಚು, ತೂಕವೂ ಹೆಚ್ಚು, ಗಾಳಿಯಾಡುವುದಿಲ್ಲ. ಆದರೆ ವರ್ಷವರ್ಷವೂ ನೀಲಿ ಹಾಸನ್ನು ಬದಲಿಸುವವರು ನಾಲ್ಕು ವರ್ಷದ ವೆಚ್ಚವನ್ನು ಕೂಡಿಸಿ ನೋಡಿದರೆ ವ್ಯತ್ಯಾಸ ಅಂದುಕೊಂಡಷ್ಟಿರುವುದಿಲ್ಲ.

ತಕ್ಕಡಿಯೇ ಸಾಕ್ಷಿ

ಹಾಸಿನ ಗುಣವನ್ನು ಅಳೆಯುವ ಸಾಮಾನ್ಯ ಮಾನ ಜಿ.ಎಸ್.ಎಂ., ಅಂದರೆ ಒಂದು ಚದರ ಮೀಟರು ಹಾಸು ಎಷ್ಟು ಗ್ರಾಂ ತೂಗುತ್ತದೆ ಎಂಬುದು. ನೂರರ ಆಸುಪಾಸಿನ ಎಚ್.ಡಿ.ಪಿ.ಇ. ಹಾಸು ಮನೆಯಂಗಳದ ತಾತ್ಕಾಲಿಕ ಬಳಕೆಗೆ ಸಾಕು, ಓಡುವ ಗಾಡಿಗೆ ಸಾಲದು. ಗಾಡಿಗೆ 200ರಿಂದ 250 ಇರಬೇಕು. ಪಿ.ವಿ.ಸಿ. ಹಾಸು ಸಾಮಾನ್ಯವಾಗಿ 500ಕ್ಕೆ ಮೇಲ್ಪಟ್ಟಿರುತ್ತದೆ.

ಅಂಗಡಿಯಲ್ಲಿ ಹೇಳುವ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಕಾಗಿಲ್ಲ. 15 ಅಡಿ ಅಗಲ, 18 ಅಡಿ ಉದ್ದದ ಹಾಸು ಎಂದರೆ 270 ಚದರ ಅಡಿ, ಅಂದರೆ ಸುಮಾರು 25 ಚದರ ಮೀಟರು. 250 ಜಿ.ಎಸ್.ಎಂ. ನಿಜವಾಗಿದ್ದರೆ ಅದು ಆರೂಕಾಲು ಕೆ.ಜಿ. ತೂಗಬೇಕು. ಅಂಚಿನ ಹಗ್ಗ, ಕಣ್ಣುಗಳು ಸೇರಿದರೆ ಇನ್ನೂ ತುಸು ಹೆಚ್ಚು. ತಕ್ಕಡಿಯಲ್ಲಿಟ್ಟಾಗ ನಾಲ್ಕೂವರೆ ಕೆ.ಜಿ. ಬಂದರೆ ಅದು 180ರ ಹಾಸೇ ಹೊರತು 250ರದ್ದಲ್ಲ. ಮೊದಲೇ ಹೇಳಿದ ಚಾಲಕರ ಹಾಸನ್ನು ಹೀಗೆ ತೂಗಿ ನೋಡಿದಾಗ ಅವರು ಕೊಟ್ಟ ಬೆಲೆಗೂ ಪಡೆದ ಮಾಲಿಗೂ ಇದ್ದ ಅಂತರ ತಿಳಿಯಿತು. ಅಳತೆಯನ್ನೂ ಬಿಚ್ಚಿಸಿ ನೋಡಬೇಕು. ಅಂಚು ಮಡಚುವ ಮುನ್ನಿನ ಅಳತೆಯನ್ನೇ ಹೇಳಿ ಮಾರುವುದುಂಟು. ಕೊನೆಯದಾಗಿ, ಹಾಸನ್ನು ಬೆಳಕಿಗೆ ಹಿಡಿಯಿರಿ. ಚುಕ್ಕೆ ಚುಕ್ಕೆಯಾಗಿ ಬೆಳಕು ತೂರಿ ಬಂದರೆ ಮಳೆಯೂ ಅದೇ ದಾರಿಯಲ್ಲಿ ಬರುತ್ತದೆ.

ಅಳತೆ ತೆಗೆಯುವ ಬಗೆ

ತೊಟ್ಟಿಯ ಅಳತೆಗೇ ಹಾಸು ಕೊಳ್ಳುವುದು ಹೊಸಬರು ಮಾಡುವ ತಪ್ಪು. ಲೆಕ್ಕ ಹೀಗೆ ಹಾಕಬೇಕು. ತೊಟ್ಟಿ 7 ಅಡಿ ಉದ್ದ, 5 ಅಡಿ ಅಗಲ ಎಂದಿಟ್ಟುಕೊಳ್ಳೋಣ. ಸಾಮಾನು ತೊಟ್ಟಿಯ ನೆಲದಿಂದ 4 ಅಡಿ ಎತ್ತರ ಏರುತ್ತದೆ. ಹಾಸು ಫಾಲ್ಕಾದ ಹೊರಗಿನಿಂದ ಇಳಿದು ಕೆಳಗಿನ ಕೊಕ್ಕೆಯನ್ನು ಮುಟ್ಟಲು ಇನ್ನರ್ಧ ಅಡಿ ಬೇಕು. ಹಾಗಾದರೆ ಅಗಲಕ್ಕೆ 5 ಅಡಿಯ ಜೊತೆ ಎರಡು ಬದಿಗೂ ನಾಲ್ಕೂವರೆ ಸೇರಿ 14 ಅಡಿ. ಉದ್ದಕ್ಕೆ 7 ಅಡಿಯ ಜೊತೆ ಹಿಂದೆ ನಾಲ್ಕೂವರೆ, ಮುಂದೆ ಕ್ಯಾಬಿನ್ ಬದಿಗೆ 4 ಸೇರಿ ಹದಿನೈದೂವರೆ. ಅಂಚಿನ ಮಡಿಕೆ ಮತ್ತು ಮೂಲೆಗಳ ಸುತ್ತುಗಳಿಗೆ ಸ್ವಲ್ಪ ಬಿಟ್ಟರೆ ಸಿದ್ಧವಾಗಿ ದೊರೆಯುವ 15 ಅಡಿ ಅಗಲ 18 ಅಡಿ ಉದ್ದದ ಹಾಸು ಸರಿಹೋಗುತ್ತದೆ. ದೊಡ್ಡದಿದ್ದಷ್ಟೂ ಒಳ್ಳೆಯದೆಂಬ ಭಾವನೆಯೂ ಸರಿಯಲ್ಲ. ಉಳಿದ ಬಟ್ಟೆ ಗಾಳಿಯಲ್ಲಿ ಪಟಪಟನೆ ಬಡಿದು ತಾನೇ ಹರಿಯುತ್ತದೆ, ಹಿಂದಿನ ದೀಪ ಮತ್ತು ನಂಬರು ಫಲಕವನ್ನು ಮುಚ್ಚುತ್ತದೆ, ಜೋತುಬಿದ್ದ ತುದಿ ಚಕ್ರಕ್ಕೆ ಸಿಕ್ಕಿದರೆ ಅಪಾಯ.

ನೀರು ನಿಲ್ಲಬಾರದು

ನೋಟ್‌ಬುಕ್‌ಗಳು ನೆನೆಯಲು ಹಾಸಿನ ತೆಳುವು ಒಂದು ಕಾರಣವಾದರೆ, ನೀರು ನಿಂತದ್ದು ಎರಡನೆಯ ಕಾರಣ. ಕಟ್ಟುಗಳನ್ನು ಅಂಚಿಗೆ ಎತ್ತರವಾಗಿಯೂ ನಡುವೆ ತಗ್ಗಾಗಿಯೂ ಜೋಡಿಸಲಾಗಿತ್ತು. ನಡುವಿನ ಕುಳಿಯಲ್ಲಿ ಮಳೆ ಕೆರೆ ಕಟ್ಟಿತು. ಏಸ್ ಗಾಡಿಯ ತೊಟ್ಟಿಯ ವಿಸ್ತಾರ ಸುಮಾರು 3.3 ಚದರ ಮೀಟರು. ಅಷ್ಟಗಲಕ್ಕೆ ಬರಿಯ 3 ಸೆಂಟಿಮೀಟರು ನೀರು ನಿಂತರೂ ನೂರು ಲೀಟರು, ಅಂದರೆ ನೂರು ಕೆ.ಜಿ. ಭಾರ. ಆ ಭಾರಕ್ಕೆ ಹಾಸು ಎಳೆದುಕೊಂಡು ಸೂಕ್ಷ್ಮ ರಂಧ್ರಗಳು ದೊಡ್ಡವಾಗುತ್ತವೆ. 2005ರ ಜುಲೈ 26ರಂದು ಒಂದೇ ದಿನದಲ್ಲಿ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರು ಮಳೆ ಸುರಿದ ನಗರ ನಮ್ಮದು. ಇಲ್ಲಿ ಚಪ್ಪಟೆ ಹೊದಿಕೆಗೆ ಭವಿಷ್ಯವಿಲ್ಲ.

ಇದಕ್ಕೆ ಪರಿಹಾರ ಎತ್ತಿನಗಾಡಿಯ ಕಾಲದ್ದೇ. ಬಿದಿರು ಬಾಗಿಸಿದ ಕಮಾನಿನ ಮೇಲೆ ಚಾಪೆ ಹೊದಿಸುತ್ತಿದ್ದ ಜಾಗದಲ್ಲಿ ಈಗ ಕಬ್ಬಿಣದ ಕೊಳವೆಯ ಮೂರು ನಾಲ್ಕು ಕಮಾನುಗಳನ್ನು ತೊಟ್ಟಿಯ ಬದಿಗಳಿಗೆ ಸಿಕ್ಕಿಸಿ ಮೇಲೆ ಹಾಸು ಎಳೆಯುತ್ತಾರೆ. ಕಮಾನಿನ ನಡು ಅಂಚಿಗಿಂತ ನಾಲ್ಕೈದು ಅಂಗುಲವಾದರೂ ಎತ್ತರವಿರಬೇಕು. ಕಮಾನುಗಳನ್ನು ಉದ್ದಕ್ಕೆ ಜೋಡಿಸುವ ಒಂದು ನಡುಕೋಲು ಇದ್ದರೆ ಅವುಗಳ ನಡುವೆಯೂ ಹಾಸು ಜೋಲುವುದಿಲ್ಲ. ಬೆಸುಗೆಯ ಮೊನಚುಗಳನ್ನು ಅರದಿಂದ ಉಜ್ಜಿ, ಹಳೆಯ ಟ್ಯೂಬಿನ ರಬ್ಬರನ್ನು ಸುತ್ತಿದರೆ ಹಾಸಿನ ಆಯುಷ್ಯ ಹೆಚ್ಚುತ್ತದೆ. ಕಮಾನಿಲ್ಲದವರು ಸಾಮಾನನ್ನೇ ನಡುವೆ ಎತ್ತರವಾಗಿ, ಅಂಚಿಗೆ ತಗ್ಗಾಗಿ ಜೋಡಿಸಬೇಕು.

ಗಾಳಿ, ಕಣ್ಣು ಮತ್ತು ಹಗ್ಗ

ಓಡುವ ಗಾಡಿಗೆ ಮಳೆಗಿಂತ ಗಾಳಿಯೇ ದೊಡ್ಡ ಪರೀಕ್ಷೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಎದುರುಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 17 ಕೆ.ಜಿ.ಯಷ್ಟಾಗುತ್ತದೆ. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು. ಕ್ಯಾಬಿನ್ ಮತ್ತು ಹಾಸಿನ ನಡುವಿನ ಸಂದಿಯಿಂದ ಗಾಳಿ ಒಳಹೊಕ್ಕರೆ ಹಾಸು ಬಲೂನಿನಂತೆ ಉಬ್ಬಿ ಮೊದಲು ಕಿತ್ತುಬರುವುದು ಅದರ ಕಣ್ಣುಗಳು. ಆದ್ದರಿಂದ ಕಣ್ಣಿನ ಸುತ್ತ ಬಟ್ಟೆ ಇಮ್ಮಡಿ ಅಥವಾ ಮುಮ್ಮಡಿಯಾಗಿರಬೇಕು. ಅಂಚಿನೊಳಗೆ ಹಗ್ಗ ಹಾಯಿಸಿರಬೇಕು. ಸಿದ್ಧ ಹಾಸುಗಳಲ್ಲಿ ಕಣ್ಣುಗಳು ಸಾಮಾನ್ಯವಾಗಿ ಮೂರು ಅಡಿಗೊಂದರಂತೆ ಇರುತ್ತವೆ. ಗಾಡಿಗೆ ಒಂದೂವರೆ ಅಡಿಗೊಂದು ಇದ್ದರೆ ಒಳಿತು. ನಡುವೆ ಹೊಸ ಕಣ್ಣುಗಳನ್ನು ಹಾಕಿಕೊಡುವವರು ತಾಡಪತ್ರಿ ಅಂಗಡಿಗಳಲ್ಲೇ ಇರುತ್ತಾರೆ. ಅಲ್ಯುಮಿನಿಯಂ ಕಣ್ಣಿಗಿಂತ ಹಿತ್ತಾಳೆಯದು ಬಾಳಿಕೆ ಬರುತ್ತದೆ.

ಕಟ್ಟುವಾಗ ಮೊದಲು ಮುಂಭಾಗ. ಹಾಸಿನ ಮುಂಚೂಣಿಯನ್ನು ಸಾಮಾನಿನ ಮುಂದೆ, ಕ್ಯಾಬಿನ್ನಿನ ಹಿಂದೆ ತೊಟ್ಟಿಯ ಕೆಳಗಿನವರೆಗೆ ಇಳಿಸಿ ಬಿಗಿಯಬೇಕು. ಬಳಿಕ ಎರಡು ಬದಿಗಳು, ಕೊನೆಗೆ ಹಿಂಭಾಗ. ಮೂಲೆಯ ಮಡಿಕೆಗಳ ಬಾಯಿ ಹಿಂದಕ್ಕೆ ತೆರೆದಿರಬೇಕೇ ಹೊರತು ಮುಂದಕ್ಕಲ್ಲ. ಎರಡು ಹಾಸುಗಳನ್ನು ಹೊದಿಸುವುದಾದರೆ ಮೊದಲು ಹಿಂದಿನದನ್ನು ಹಾಸಿ, ಮುಂದಿನದು ಅದರ ಮೇಲೆ ಬರುವಂತೆ ಮಾಡಬೇಕು. ಮಾಡಿಗೆ ಹಂಚು ಹೊದಿಸಿದವರಿಗೆ ಈ ನಿಯಮವನ್ನು ವಿವರಿಸಬೇಕಾಗಿಲ್ಲ. ನೋಟ್‌ಬುಕ್‌ನ ದಿನ ಮುಂಭಾಗದ ಎಡಮೂಲೆಯ ಮಡಿಕೆ ಗಾಳಿಗೆ ಬಾಯ್ದೆರೆದು ನಿಂತಿತ್ತು. ನೀರಿನ ಅರ್ಧಪಾಲು ಬಂದದ್ದು ಅಲ್ಲಿಂದ.

ಹಗ್ಗದ ವಿಷಯದಲ್ಲೂ ಎಚ್ಚರ ಬೇಕು. ಅಗ್ಗದ ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಪುಡಿಯಾಗುತ್ತದೆ. ಉಗುರಿನಿಂದ ಕೆರೆದಾಗ ಹೊಟ್ಟು ಉದುರಿದರೆ ಅದನ್ನು ಎಸೆಯಬೇಕು. ಹಾಸು ಸಾಮಾನನ್ನು ಮುಚ್ಚುತ್ತದೆಯೇ ಹೊರತು ಹಿಡಿದಿಡುವುದಿಲ್ಲ. ಸಾಮಾನನ್ನು ಬೇರೆ ಹಗ್ಗದಿಂದ ಮೊದಲು ಬಿಗಿದು, ಹಾಸನ್ನು ಆಮೇಲೆ ಹೊದಿಸಬೇಕು. ಒಂದೇ ಹಗ್ಗದಲ್ಲಿ ಎರಡೂ ಕೆಲಸ ಮಾಡಹೊರಟವರು ಪೆಟ್ಟಿಗೆ ಉರುಳಿದಾಗ ಹೊದಿಕೆಯನ್ನೂ ಕಳೆದುಕೊಂಡಿದ್ದಾರೆ.

ಮುಚ್ಚಿದ ಪೆಟ್ಟಿಗೆ ಗಾಡಿ

ಔಷಧ, ಬೇಕರಿ ತಿನಿಸು, ಅಂಚೆ ಕಟ್ಟುಗಳನ್ನು ದಿನವೂ ಸಾಗಿಸುವವರಿಗೆ ತೊಟ್ಟಿಯ ಬದಲು ತಗಡಿನ ಮುಚ್ಚಿದ ಪೆಟ್ಟಿಗೆಯೇ ಸೂಕ್ತ. ಬೀಗ ಹಾಕಬಹುದು, ಕಟ್ಟುವ ಬಿಚ್ಚುವ ಕೆಲಸವಿಲ್ಲ. ಆದರೆ ಪೆಟ್ಟಿಗೆಯ ತೂಕ ಸಾಮಾನಿನ ತೂಕದಿಂದ ಕಳೆಯುತ್ತದೆ ಎಂಬುದನ್ನು ಮರೆಯಬಾರದು. 750 ಕೆ.ಜಿ. ಹೊರಬಲ್ಲ ಗಾಡಿಗೆ 200 ಕೆ.ಜಿ.ಯ ಪೆಟ್ಟಿಗೆ ಕೂರಿಸಿದರೆ ಉಳಿಯುವುದು 550 ಮಾತ್ರ. ಎತ್ತರದ ಸಾಮಾನು, ಉದ್ದದ ಕೊಳವೆ ಹಿಡಿಸುವುದಿಲ್ಲ. ಬೇರೆ ಬಾಡಿಗೆಗಳು ತಪ್ಪಿಹೋಗುತ್ತವೆ. ಪೆಟ್ಟಿಗೆ ಬೇಕೆಂದು ಮೊದಲೇ ಖಚಿತವಿದ್ದರೆ ಅದರ ವೆಚ್ಚವನ್ನು ದರಪಟ್ಟಿಯಲ್ಲಿ ಸೇರಿಸಿ ಸಾಲ ಕೇಳಿರಿ. ಗಾಡಿ ಬಂದ ಮೇಲೆ ಕೈಸಾಲ ಮಾಡಿ ಕಟ್ಟಿಸಿದರೆ ಬಡ್ಡಿ ಹೆಚ್ಚು ತೆರಬೇಕಾಗುತ್ತದೆ.

ಸ್ವಂತ ಬಳಕೆಯ ಪಿಕಪ್‌ಗಳು

2016ರಲ್ಲಿ ಬಂದ ಇಸುಜು ವಿ-ಕ್ರಾಸ್, 2022ರಲ್ಲಿ ಬಂದ ಟೊಯೊಟಾ ಹೈಲಕ್ಸ್ ಮುಂತಾದವುಗಳ ತೊಟ್ಟಿ ಆಳವಾಗಿರುವುದರಿಂದ ಅವಕ್ಕೆ ಚಪ್ಪಟೆ ಮುಚ್ಚಳ ಹೊಂದುತ್ತದೆ. ಇದಕ್ಕೆ 'ಟೊನೊ ಕವರ್' ಎಂದು ಹೆಸರು. ಪೀಪಾಯಿ ಎಂಬರ್ಥದ ಫ್ರೆಂಚ್ ಶಬ್ದದಿಂದ ಬಂದದ್ದು. ಮೋಟಾರುಗಳ ಆರಂಭಕಾಲದಲ್ಲಿ ಕಾರಿನ ದುಂಡನೆಯ ಹಿಂಭಾಗವನ್ನು ಹಾಗೆ ಕರೆಯುತ್ತಿದ್ದರು. ಸುರುಳಿ ಸುತ್ತುವ ವಿನೈಲ್ ಹೊದಿಕೆ ಅಗ್ಗ ಮತ್ತು ಹಗುರ, ಆದರೆ ಚೂರಿಯಿಂದ ಸೀಳಬಹುದು. ಮೂರು ಮಡಿಕೆಯ ಗಟ್ಟಿ ಹಲಗೆಯದು ಬೇಕಾದಷ್ಟೇ ತೆರೆಯಲು ಅನುಕೂಲ. ಒಂದೇ ತುಂಡಿನ ಫೈಬರ್ ಮುಚ್ಚಳ ಭದ್ರ, ಆದರೆ ತೆಗೆದಿಡಲು ಜಾಗವೂ ಇಬ್ಬರು ಆಳುಗಳೂ ಬೇಕು. ಅಂಗಡಿ ಬಾಗಿಲಿನಂತೆ ಒಳಸರಿಯುವ ಅಲ್ಯುಮಿನಿಯಂ ಮುಚ್ಚಳ ಅತ್ಯಂತ ಅನುಕೂಲಕರ. ಆದರೆ ಅದರ ಸುರುಳಿಡಬ್ಬಿ ತೊಟ್ಟಿಯ ಜಾಗವನ್ನು ತಿನ್ನುತ್ತದೆ. ನೀರು ಹರಿಯುವ ಸಣ್ಣ ಕೊಳವೆಗಳಲ್ಲಿ ಎಲೆ ಮಣ್ಣು ಸೇರಿದರೆ ನೀರು ಒಳಗೇ ಇಳಿಯುತ್ತದೆ. ಯಾವುದನ್ನು ಕೊಂಡರೂ ಹಿಂಬಾಗಿಲಿನ ಸಂದಿಗೆ ರಬ್ಬರ್ ಪಟ್ಟಿ ಹಾಕಿಸದಿದ್ದರೆ ಸೋರಿಕೆ ತಪ್ಪದು.

ಕಾನೂನು ಮತ್ತು ವಿಮೆ

ಬಿಚ್ಚಿ ತೆಗೆಯುವ ಹಾಸು ಬೇರೆ, ಗಾಡಿಯ ರೂಪವನ್ನೇ ಬದಲಿಸುವ ಪೆಟ್ಟಿಗೆ ಬೇರೆ. ನೋಂದಣಿ ಪತ್ರದಲ್ಲಿರುವ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿ ನಿರ್ಬಂಧಿಸುತ್ತದೆ. ಪೆಟ್ಟಿಗೆ ಕಟ್ಟಿಸುವ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸಬೇಕು. ಸಾಲ ತೀರದ ಗಾಡಿಯಾದರೆ ಬ್ಯಾಂಕಿಗೂ ತಿಳಿಸಬೇಕು. ಅದೇ ಕಾಯಿದೆಗೆ 2019ರಲ್ಲಿ ಬಂದ ತಿದ್ದುಪಡಿಯಂತೆ ಮಿತಿಮೀರಿದ ಭಾರಕ್ಕೆ 20,000 ರೂಪಾಯಿ ದಂಡ, ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ. ಸಾಮಾನು ಗಾಡಿಯ ಮೈಯಿಂದ ಹೊರಚಾಚಿದರೂ 20,000 ರೂಪಾಯಿ. 2018ರ ಜನವರಿಯಲ್ಲಿ ಪರಿಸರ ಸಂರಕ್ಷಣಾ ನಿಯಮಗಳಿಗೆ ಸೇರಿಸಿದ ದೂಳು ನಿಯಂತ್ರಣದ ವಿಧಿಗಳಂತೆ, ಅವು ಅನ್ವಯಿಸುವ ನಗರಗಳಲ್ಲಿ ಕಟ್ಟಡ ಸಾಮಗ್ರಿ ಮತ್ತು ತ್ಯಾಜ್ಯವನ್ನು ಹೊದಿಕೆಯಿಲ್ಲದ ವಾಹನದಲ್ಲಿ ಸಾಗಿಸುವಂತಿಲ್ಲ.

ವಿಮೆಯ ಬಗ್ಗೆ ನಮ್ಮವರಲ್ಲಿ ಒಂದು ತಪ್ಪು ಕಲ್ಪನೆಯಿದೆ. ಗಾಡಿಯ ವಿಮೆ ಗಾಡಿಗೆ ಮಾತ್ರ, ಅದರಲ್ಲಿರುವ ಮಾಲಿಗಲ್ಲ. ಮಾಲಿಗೆ ಬೇರೆಯೇ ಸಾಗಣೆ ವಿಮೆ ಬೇಕು. ಅದರಲ್ಲೂ 'ಬಿ' ವರ್ಗದ ಒಳನಾಡು ಸಾಗಣೆ ವಿಮೆಯು ಬೆಂಕಿ, ಸಿಡಿಲು, ಸೇತುವೆ ಕುಸಿತ, ಡಿಕ್ಕಿ, ಮಗುಚುವಿಕೆ ಮುಂತಾದ ಕೆಲವೇ ಕಾರಣಗಳ ನಷ್ಟವನ್ನು ತುಂಬುತ್ತದೆ. ಮಳೆಯಿಂದ ನೆನೆದದ್ದು ಆ ಪಟ್ಟಿಯಲ್ಲಿಲ್ಲ. ವಿಸ್ತಾರವಾದ 'ಎ' ವರ್ಗದಲ್ಲಿ ಸಹ ಸರಿಯಾಗಿ ಕಟ್ಟದ ಮೂಟೆಯ ಹೊಣೆ ಮಾಲೀಕರದೇ. ಅಂದರೆ ಸಾಮಾನ್ಯ ಟೆಂಪೋ ಚಾಲಕರ ಮಟ್ಟಿಗೆ ಮಳೆಯ ವಿರುದ್ಧ ಇರುವ ವಿಮೆ ಅವರ ಹೊದಿಕೆಯೊಂದೇ.

ಊರಿಗೊಂದು ಆಯ್ಕೆ

ಮುಂಬಯಿಗೆ ಹೇಳಿದ್ದು ಎಲ್ಲ ಊರುಗಳಿಗೂ ಒಪ್ಪುವುದಿಲ್ಲ. ಪುಣೆಯ ಮಳೆ ಮುಂಬಯಿಯದಕ್ಕಿಂತ ಬಹಳ ಕಡಿಮೆ. ಆದರೆ ಘಾಟ್ ಇಳಿದು ಬರುವ ಗಾಡಿಗಳಿಗೆ ಮುಂಬಯಿಯ ಹೊದಿಕೆಯೇ ಬೇಕು. ಚೆನ್ನೈಯಲ್ಲಿ ಅಕ್ಟೋಬರಿನಿಂದ ಡಿಸೆಂಬರಿನ ಹಿಂಗಾರು ಮಳೆಗೆ ಸಿದ್ಧತೆಯಿರಬೇಕು. ಹೈದರಾಬಾದ್ ಮತ್ತು ದೆಹಲಿಗಳಲ್ಲಿ ಬಿಸಿಲೂ ದೂಳೂ ಹೆಚ್ಚು ಕಾಡುವುದರಿಂದ ಬಿಸಿಲು ತಾಳುವ ಗುಣ ಮತ್ತು ತಿಳಿಬಣ್ಣ ಮುಖ್ಯ. ಕಪ್ಪು ಹಾಸು ಶಾಖವನ್ನು ಹೀರಿ ಒಳಗಿನ ಮಾಲನ್ನು ಬೇಯಿಸುತ್ತದೆ.

ಆಷಾಢ ಶ್ರಾವಣಗಳಲ್ಲಿ ಊರಿನ ಯಕ್ಷಗಾನ ಕಲಾವಿದರು ಮುಂಬಯಿ ಪ್ರವಾಸಕ್ಕೆ ಬರುವುದು ನಮಗೆಲ್ಲ ತಿಳಿದದ್ದೇ. ಊರಲ್ಲಿ ಆಟಗಳಿಗೆ ಬಿಡುವಿರುವ ಕಾಲ, ಇಲ್ಲಿ ಬಿರುಮಳೆ. ಒಂದು ಸಭಾಗೃಹದಿಂದ ಇನ್ನೊಂದಕ್ಕೆ ವೇಷಭೂಷಣದ ಪೆಟ್ಟಿಗೆಗಳು ಟೆಂಪೋದಲ್ಲೇ ಸಾಗಬೇಕು. ಹಗುರ ಮರಕ್ಕೆ ಬಂಗಾರದ ಬಣ್ಣದ ಕಾಗದ ಹಚ್ಚಿದ ಕಿರೀಟ, ಭುಜಕೀರ್ತಿಗಳಿಗೆ ನೀರು ತಾಗಿದರೆ ಆ ರಾತ್ರಿಯ ವೇಷಕ್ಕೇ ಕುಂದು. ಸಂಘಟಕರು ಗಾಡಿ ಗೊತ್ತುಮಾಡುವಾಗ ಬಾಡಿಗೆಯನ್ನಷ್ಟೇ ಕೇಳದೆ ಹೊದಿಕೆಯನ್ನೂ ಒಮ್ಮೆ ಬಿಚ್ಚಿಸಿ ನೋಡಬೇಕೆಂಬುದು ನನ್ನ ವಿನಂತಿ.

ಆರೈಕೆ

ಒದ್ದೆ ಹಾಸನ್ನು ಮಡಚಿಡಬಾರದು. ಒಣಗಿಸಿ, ಮಣ್ಣು ಕೊಡವಿ, ಪ್ರತಿಬಾರಿ ಬೇರೆ ಗೆರೆಯಲ್ಲಿ ಮಡಚಬೇಕು. ಒಂದೇ ಗೆರೆಯಲ್ಲಿ ಮಡಚುತ್ತಿದ್ದರೆ ಅಲ್ಲೇ ಬಿರಿಯುತ್ತದೆ. ಸುತ್ತಿಡುವುದು ಇನ್ನೂ ಒಳ್ಳೆಯದು. ಕಡು ಸಾಬೂನು, ಪೆಟ್ರೋಲ್ ತಾಗಿಸಬಾರದು. ಇಲಿಗಳಿಂದ ದೂರವಿಡಬೇಕು. ಮೇ ತಿಂಗಳ ಮೂರನೆಯ ವಾರದಲ್ಲಿ ಒಮ್ಮೆ ಹರಡಿ, ಮೇಲೆ ನೀರು ಸುರಿದು ಕೆಳಗಿನಿಂದ ನೋಡುವ ಅಭ್ಯಾಸವಿದ್ದರೆ ಜೂನಿನ ಮೊದಲ ಮಳೆಗೆ ಎದೆ ಡವಗುಟ್ಟುವುದಿಲ್ಲ.

ಒಟ್ಟಿನಲ್ಲಿ ಹೇಳುವುದಾದರೆ, ಮುಂಬಯಿಯಲ್ಲಿ ಎಲ್ಲ ಬಗೆಯ ಬಾಡಿಗೆ ಹಿಡಿಯುವ ಸಣ್ಣ ಟೆಂಪೋಗೆ ಕಮಾನು ಹಾಕಿಸಿ ಪಿ.ವಿ.ಸಿ. ಹಾಸು ಹೊದಿಸುವುದು ಉತ್ತಮ. ಅಷ್ಟು ಹಣ ಕೈಯಲ್ಲಿಲ್ಲದವರು ತೂಗಿ ನೋಡಿದ 250 ಜಿ.ಎಸ್.ಎಂ. ಎಚ್.ಡಿ.ಪಿ.ಇ. ಹಾಸನ್ನು ಕೊಂಡು, ಹೆಚ್ಚುವರಿ ಕಣ್ಣು ಹಾಕಿಸಿ, ಎರಡು ಮಳೆಗಾಲಕ್ಕೊಮ್ಮೆ ಬದಲಿಸಲಿ. ತರಕಾರಿಯವರು ಹಿಂಭಾಗದಲ್ಲಿ ಗಾಳಿಗೆ ದಾರಿ ಬಿಡಲಿ ಅಥವಾ ಕ್ಯಾನ್ವಾಸ್ ಆರಿಸಲಿ.

ಮೊದಲು ಹೇಳಿದ ಚಾಲಕರು ಮರುವರ್ಷ ಕಮಾನು ಹಾಕಿಸಿ ಬೂದುಬಣ್ಣದ ಪಿ.ವಿ.ಸಿ. ಹಾಸು ಕೊಂಡರು. ಅದಕ್ಕಾಗಿ ಎರಡು ತಿಂಗಳು ಊರಿಗೆ ಹಣ ಕಳುಹಿಸುವುದನ್ನು ಕಡಿತ ಮಾಡಿದರಂತೆ. ಜೂನಿನಲ್ಲಿ ನೋಟ್‌ಬುಕ್ ತರಲು ಬಳಗದವರು ಮತ್ತೆ ಅವರನ್ನೇ ಕರೆದರು. ಆ ದಿನವೂ ಮಳೆ ಸುರಿಯಿತು. ಸಭಾಗೃಹದ ಮುಂದೆ ಅವರು ಹಾಸನ್ನು ಬಿಚ್ಚಿ, ಮೇಲಿನ ಕಟ್ಟಿನ ಕಾಗದವನ್ನು ಅಂಗೈಯಿಂದ ಸವರಿ ನೋಡಿ, ಮಾತಿಲ್ಲದೆ ಒಂದೊಂದೇ ಕಟ್ಟನ್ನು ನಮ್ಮ ಕೈಗೆ ಇಳಿಸತೊಡಗಿದರು. ನಲವತ್ತೂ ಒಣಗಿದ್ದವು.